ಬೆರಳಿಟ್ಟ ಸಾಲು

ಕಳೆದ ತಿಂಗಳು, ಮಳೆ ಹಿಡಿಯುವ ಮೊದಲು ಟ್ರಂಕಿನ ಬಟ್ಟೆಗಳಿಗೆ ಒಮ್ಮೆ ಬಿಸಿಲು ತೋರಿಸೋಣವೆಂದು ಮುಚ್ಚಳ ತೆಗೆದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಆ ವಾಸನೆ ಮದುವೆಯ ಸೀರೆಯನ್ನೋ ಅಜ್ಜಿಯ ಶಾಲನ್ನೋ ನೆನಪಿಸೀತು. ನನಗೆ ನೆನಪಾಗುವುದು ಒಂದು ಪುಸ್ತಕ. ಕೊಲ್ಲಿ ದೇಶದಿಂದ ಯಾರೋ ತಂದುಕೊಟ್ಟ ಹಸಿರು ಪಟ್ಟೆಯ ಟವೆಲಿನಲ್ಲಿ ಸುತ್ತಿ, ಹುಳ ಹಿಡಿಯದಿರಲೆಂದು ನಾಲ್ಕು ನುಸಿಗುಳಿಗೆ ಇಟ್ಟು, ಅಕ್ಕಿ ಡಬ್ಬಿಯ ಪಕ್ಕದ ತಗಡಿನ ಪೆಟ್ಟಿಗೆಯಲ್ಲಿ ಕಾಪಾಡಿದ ಒಂದು ಬೈಬಲ್ಲು. ಕಾಪಾಡಿದವರು ಆಚೆಮನೆಯ ಅಮ್ಮ. ಬಟ್ಟೆ ಹರವುವುದನ್ನು ಬಿಟ್ಟು ಟ್ರಂಕಿನ ಮುಂದೆ ಹಾಗೆಯೇ ನೆಲಕ್ಕೆ ಕೂತುಬಿಟ್ಟೆ...

ನನ್ನ ಮೊದಲ ನೌಕರಿ ಹೊನ್ನಾವರದ ಹತ್ತಿರ, ಮಾವಿನಕುರ್ವೆಯಲ್ಲಿ. ಸುತ್ತಲೂ ಶರಾವತಿ, ಎದುರಿಗೆ ಅಳಿವೆ, ಅದರಾಚೆ ಸಮುದ್ರ. ಕುಮಟೆ ಪೇಟೆಯ ಬಟ್ಟೆ ಅಂಗಡಿಯವರ ಮಗಳಾದ ನನಗೆ ದೋಣಿ ಹತ್ತುವುದೆಂದರೆ ಜೀವ ಬಾಯಿಗೆ ಬರುತ್ತಿತ್ತು. ದಿನಾ ಹೊಳೆ ದಾಟಿ ಸಾಯುವುದಕ್ಕಿಂತ ಅಲ್ಲೇ ಇದ್ದುಬಿಡುವುದು ಮೇಲೆಂದು ಮೀನುಗಾರರ ಕೇರಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ ಬಾಡಿಗೆಗೆ ಹಿಡಿದೆ. ನನಗಾಗ ಇಪ್ಪತ್ತಾರು. ಪಕ್ಕದ ಮನೆಯಲ್ಲಿ ಅಮ್ಮ ಮತ್ತು ಅವರ ಯಜಮಾನರು ಇಬ್ಬರೇ ಇದ್ದರು. ಮಕ್ಕಳಿರಲಿಲ್ಲ.

ಅಮ್ಮ ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಯಜಮಾನರು ತಂದ ಮೀನನ್ನು ಬುಟ್ಟಿಗೆ ತುಂಬಿಕೊಂಡು ಬೆಳಿಗ್ಗೆ ಹೊನ್ನಾವರಕ್ಕೆ ಹೋದರೆ, ಮಧ್ಯಾಹ್ನ ಖಾಲಿ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಬರುವರು. ದಂಡೆಯಲ್ಲಿ ನಿಂತು ಅವರು ಒಮ್ಮೆ ಕೂಗಿದರೆ ಆಚೆ ದಡದ ದೋಣಿಯವನು ಬೀಡಿ ಎಸೆದು ಹುಟ್ಟು ಹಿಡಿಯುತ್ತಿದ್ದ. ನಾನು ಮೀನು ಕೊಳ್ಳುವ ಚಂದ ನೋಡಿ ಮೊದಲ ವಾರವೇ ನಗೆಯಾಡಿದ್ದರು. ನಮ್ಮ ಕಡೆ ಟೀಚರಮ್ಮಂದಿರನ್ನು ಅಕ್ಕೋರು ಎನ್ನುತ್ತಾರೆ. “ಎಂತ ಅಕ್ಕೋರೆ, ಬಂಗಡೆ ಕಣ್ಣು ನೋಡುದು ಬಿಟ್ಟು ಬೆನ್ನು ಸವರ್ತ್ರಲ್ಲ, ಅದೆಂತ ನಿಮ್ಮ ಶಾಲೆ ಮಕ್ಳಾ?” ಎಂದು ಕೇರಿಗೆಲ್ಲ ಕೇಳುವಂತೆ ಹೇಳಿದ್ದರು. ಅಂದಿನಿಂದ ನನ್ನ ಮೀನು ಆರಿಸುವ ಕೆಲಸವನ್ನೂ ಕೊಯ್ದು ಕೊಡುವ ಕೆಲಸವನ್ನೂ ಅವರೇ ವಹಿಸಿಕೊಂಡರು.

ಅವರು ಕ್ರೈಸ್ತರಾಗಿ ಆಗ ಒಂದು ವರ್ಷವಾಗಿತ್ತಷ್ಟೆ. ಗೋವಾದ ಕಡೆ ಸಿಗಡಿ ಸುಲಿಯುವ ಕೆಲಸಕ್ಕೆ ಎರಡು ಹಂಗಾಮು ಹೋಗಿದ್ದಾಗ, ಜತೆಯ ಹೆಂಗಸರೊಡನೆ ಪ್ರಾರ್ಥನೆಗೆ ಕೂತು ಕೂತು, ಕೊನೆಗೆ ನೀರಿನಲ್ಲಿ ಮುಳುಗಿ ದೀಕ್ಷೆ ತೆಗೆದುಕೊಂಡು ಬಂದಿದ್ದರು. ಯಾಕೆಂದು ನಾನೊಮ್ಮೆ ಕೇಳಿದ್ದೆ. “ಅಲ್ಲಿ ನನ್ನ ಹೆಸ್ರು ಹಿಡ್ದು ದೇವ್ರ ಹತ್ರ ಬೇಡ್ಕಂಡ್ರು ಅಕ್ಕೋರೆ. ನಂಗಂತ ಹಂಗೆ ಯಾರೂ ಬೇಡ್ಕಂಡವ್ರಲ್ಲ,” ಎಂದಿದ್ದರು. ಯಜಮಾನರು ತಮ್ಮ ದೇವರನ್ನು ಬಿಟ್ಟಿರಲಿಲ್ಲ. ನಿನ್ನ ದೇವರು ನಿನಗೆ, ನನ್ನ ದೇವರು ನನಗೆ, ಸಾರಿಗೆ ಉಪ್ಪು ಮಾತ್ರ ಸರಿಯಾಗಿ ಹಾಕು ಎಂದು ಹೇಳಿ ಆ ಮಾತನ್ನು ಮುಗಿಸಿದ್ದರಂತೆ.

ಕೇರಿ ಅಷ್ಟು ಸುಲಭಕ್ಕೆ ಮುಗಿಸಲಿಲ್ಲ. ಬೈಯಲಿಲ್ಲ, ಕಲ್ಲೂ ಎಸೆಯಲಿಲ್ಲ. ಕರೆಯುವುದನ್ನು ಬಿಟ್ಟರು, ಅಷ್ಟೇ. ಅರಿಶಿನ ಕುಂಕುಮಕ್ಕೆ ಮನೆ ಮನೆ ಕರೆಯುತ್ತ ಬಂದವರು ನನ್ನ ಬಾಗಿಲಿಗೆ ಬಂದು, ಅವರ ಬಾಗಿಲನ್ನು ದಾಟಿ, ಮುಂದಿನ ಮನೆಗೆ ಹೋಗುತ್ತಿದ್ದರು. ಆ ಹೊತ್ತಿಗೆ ಅಮ್ಮ ಬೇಕೆಂದೇ ಒಳಗೆ ಪಾತ್ರೆ ತಿಕ್ಕುತ್ತಿದ್ದರು. ಹೊನ್ನಾವರದಲ್ಲಿ ತಲೆತಲಾಂತರದಿಂದ ಬಂದ ಕ್ರೈಸ್ತರಿದ್ದರು ನಿಜ, ಆದರೆ ಅವರು ಕೊಂಕಣಿ ಆಡುವವರು, ಅವರ ಇಗರ್ಜಿಯ ರೀತಿಯೇ ಬೇರೆ. ಅಮ್ಮ ಅಲ್ಲಿಯೂ ಹೊರಗಿನವರೇ. ಅವರಿಗೆಂದು ಇದ್ದವರು ಒಬ್ಬರು, ತಿಂಗಳಿಗೊಮ್ಮೆ ಭಟ್ಕಳದಿಂದ ಬಸ್ಸು ಹಿಡಿದು, ದೋಣಿ ದಾಟಿ ಬರುತ್ತಿದ್ದ ಪ್ರಾರ್ಥನೆಯ ಮಾಸ್ತರರು. ಉಳಿದ ದಿನ ಹೊಲಿಗೆ ಕೆಲಸ ಮಾಡುತ್ತಿದ್ದ ಸಣಕಲು ಮನುಷ್ಯ. ಅರ್ಧ ಗಂಟೆ ಕೂತು ಪ್ರಾರ್ಥನೆ ಮಾಡಿ, ಚಹಾ ಕುಡಿದು, ಬಸ್ಸು ತಪ್ಪೀತೆಂದು ಓಡುತ್ತಿದ್ದರು. ಆ ಪುಸ್ತಕ ಕೊಟ್ಟವರು ಅವರೇ. ದಿನಕ್ಕೆ ಸ್ವಲ್ಪವಾದರೂ ಓದಿ ಎಂದು ಹೇಳಿ ಹೋಗಿದ್ದರು. ಅಮ್ಮನಿಗೆ ಓದು ಬರುವುದಿಲ್ಲವೆಂಬುದು ಅವರಿಗೆ ತಿಳಿದಿರಲಿಲ್ಲ. ಅಮ್ಮನಿಗೆ ಹೇಳಲು ನಾಚಿಕೆ.

ಒಂದು ಭಾನುವಾರ ಪುಸ್ತಕವನ್ನು ಸೆರಗಿನಡಿ ಇಟ್ಟುಕೊಂಡು ನನ್ನ ಹಿತ್ತಲ ಬಾಗಿಲಿಗೆ ಬಂದರು. ಕೇರಿಯಲ್ಲಿ ಓದು ಬಲ್ಲವರು ಇದ್ದರೂ ಯಾರೂ ಓದಿ ಹೇಳಲಾರರು, ನನಗೆ ಕೇಳಲೂ ಆಗದು, ನೀವು ಓದಿ ಹೇಳುತ್ತೀರಾ ಎಂದು ಕೇಳಿದರು. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು. ಹೊಸ ನೌಕರಿ. ಶಾಲೆಯ ಅಕ್ಕೋರು ಕ್ರೈಸ್ತರ ಪುಸ್ತಕ ಓದುತ್ತಾರೆ ಎಂಬ ಮಾತು ಹೊಳೆ ದಾಟಲು ಎಷ್ಟು ಹೊತ್ತು ಬೇಕು? ಆದರೆ ಅವರ ಮುಖ ನೋಡಿ ಇಲ್ಲವೆನ್ನಲು ಬಾಯಿ ಬರಲಿಲ್ಲ. ಓದುವುದು ಬರೆಯುವುದು ನನ್ನ ಕೆಲಸ, ಪುಸ್ತಕ ಯಾವುದಾದರೇನು ಎಂದು ದೊಡ್ಡದಾಗಿ ಹೇಳಿದೆ. ಹೇಳಿ, ಕಿಟಕಿಯ ಪರದೆ ಎಳೆದೆ.

ಹೀಗೆ ಶುರುವಾಯಿತು ನಮ್ಮ ಓದು. ಓದುವವಳಿಗೆ ಆ ಪುಸ್ತಕ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳಬೇಕಾದವರಿಗೆ ಓದು ಗೊತ್ತಿಲ್ಲ. ಪುಸ್ತಕವೆಂದ ಮೇಲೆ ಮೊದಲ ಪುಟದಿಂದ ಓದಬೇಕೆಂದು ನಾನು ತೀರ್ಮಾನಿಸಿದೆ. ಮೊದಮೊದಲು ಚೆನ್ನಾಗಿತ್ತು. ಲೋಕವೆಲ್ಲ ನೀರು, ನೀರಿನ ಮೇಲೆ ಕತ್ತಲೆ ಎಂಬುದು ಅವರಿಗೆ ಕೂಡಲೇ ಹಿಡಿಸಿತು. ಆಷಾಢದ ಅಳಿವೆ ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ದೊಡ್ಡ ಪ್ರಳಯದ ಕತೆ ಬಂದಾಗ ಮಾತ್ರ ನನ್ನನ್ನು ಮುಂದೆ ಹೋಗಲು ಬಿಡಲಿಲ್ಲ. ಅಷ್ಟು ದೊಡ್ಡ ದೋಣಿ ಕಟ್ಟಲು ಮರ ಎಲ್ಲಿಂದ ತಂದರು, ಅಷ್ಟು ದಿನದ ಮಳೆಗೆ ಒಳಗೆ ನಿಂತ ನೀರು ಚೆಲ್ಲಿದವರು ಯಾರು, ಆ ಮನುಷ್ಯನ ಹೆಂಡತಿ ಅಷ್ಟೊಂದು ಪ್ರಾಣಿಗಳ ಸಗಣಿ ಬಾಚುತ್ತ ಎಂತ ಅಂದಳು? ಪುಸ್ತಕದಲ್ಲಿ ಅದೆಲ್ಲ ಇಲ್ಲಮ್ಮ ಎಂದರೆ, “ಬರ್ದವ್ರು ಗಂಡಸ್ರಿರ್ಬೇಕು,” ಎಂದರು.

ಆಮೇಲೆ ಹೆಸರುಗಳು ಬಂದವು. ಇಂಥವನಿಗೆ ಇಂಥವನು ಹುಟ್ಟಿದ, ಅವನಿಗೆ ಇವನು. ಅದು ಮುಗಿದರೆ ಡೇರೆಗೆ ಎಷ್ಟು ಕಂಬ, ಬಲಿಗೆ ಎಂಥ ಕುರಿ ಎಂಬ ನಿಯಮಗಳು. ನನ್ನ ನಾಲಿಗೆ ತೊಡರುತ್ತಿತ್ತು, ಅಮ್ಮ ತೂಕಡಿಸುತ್ತಿದ್ದರು. ಎಚ್ಚರವಾದಾಗ ತಪ್ಪು ಮಾಡಿದವರಂತೆ ಕೆನ್ನೆಗೆ ಹೊಡೆದುಕೊಳ್ಳುತ್ತಿದ್ದರು. ಹೀಗೆ ಎರಡು ವಾರ ಏಗಿದ ಮೇಲೆ ಒಂದು ಸಂಜೆ ನನಗೆ ಸಾಕಾಯಿತು. ಶಾಲೆಯಲ್ಲಿ ಮಕ್ಕಳೊಡನೆ ಕೂಗಿ ಕೂಗಿ ಗಂಟಲು ಬಿದ್ದಿತ್ತು. ಪುಸ್ತಕ ಮುಚ್ಚಿ, ನಗುತ್ತ, “ಸುಮ್ಮನೆ ಪ್ರಸಾದ ಕೇಳಿದ ಹಾಗೆ ಕೇಳಿಬಿಡೋಣಮ್ಮ. ಕಣ್ಣು ಮುಚ್ಚಿ ಒಂದು ಪುಟ ತೆಗೆಯಿರಿ, ಬೆರಳಿಡಿ, ಅದನ್ನಷ್ಟೇ ಓದುತ್ತೇನೆ,” ಎಂದೆ. ತಮಾಷೆಗೆ ಅಂದದ್ದು. ಆದರೆ ಅಂದವಳು ನಾನೇ.

ಪ್ರಸಾದ ಕೇಳುವುದು ಎಂದರೆ ನಮ್ಮ ಕರಾವಳಿಯಲ್ಲಿ ಮಕ್ಕಳಿಗೂ ಗೊತ್ತು. ದೇವರ ಮೈಗೆ ಹೂವಿನ ಎಸಳುಗಳನ್ನು ನೀರಿನಲ್ಲಿ ಅದ್ದಿ ಅಂಟಿಸುತ್ತಾರೆ. ಭಕ್ತರು ಮನಸ್ಸಿನ ಪ್ರಶ್ನೆ ಹೇಳಿ ಕಾಯುತ್ತಾರೆ. ಬಲಗಡೆಯ ಎಸಳು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಹೊಸ ದೋಣಿ ನೀರಿಗಿಳಿಸುವುದಿರಲಿ, ಮದುವೆ ಗೊತ್ತು ಮಾಡುವುದಿರಲಿ, ಪ್ರಸಾದ ಆಗದೆ ಮುಂದೆ ಹೆಜ್ಜೆಯಿಡುವವರು ಕಡಿಮೆ. ಒಮ್ಮೆ ಆದ ಮೇಲೆ ಮತ್ತೆ ಕೇಳುವಂತಿಲ್ಲ. ಕೇಳಿದರೆ ದೇವರ ಮಾತನ್ನು ನಂಬದ ಹಾಗೆ.

ನನ್ನ ತಮಾಷೆ ಕೇಳಿ ಅಮ್ಮನ ಮುಖ ಅರಳಿದ್ದನ್ನು ನಾನು ಮರೆತಿಲ್ಲ. ಅಷ್ಟು ದಿನ ಪರವೂರಿನಲ್ಲಿ ದಾರಿ ಕೇಳುತ್ತ ತಿರುಗಿದವರಿಗೆ ಗುರುತಿನ ಮನೆ ಸಿಕ್ಕ ಹಾಗೆ. ಮರುದಿನದಿಂದ ಸ್ನಾನ ಮಾಡಿ, ಒದ್ದೆ ಕೂದಲಿಗೆ ಗಂಟು ಹಾಕಿಕೊಂಡು, ನಾನು ಶಾಲೆಗೆ ಹೊರಡುವ ಮೊದಲು ಬರತೊಡಗಿದರು. ಟವೆಲು ಬಿಚ್ಚುವರು, ಕಣ್ಣು ಮುಚ್ಚಿ ಪುಟ ತೆಗೆದು ಬೆರಳಿಡುವರು, ನಾನು ಬೆರಳಿಟ್ಟ ಸಾಲು ಓದುವೆ. ಇವತ್ತು ಹೊನ್ನಾವರಕ್ಕೆ ಹೋಗಲೋ ಕೇರಿಯಲ್ಲೇ ಮಾರಲೋ, ಮುನಿಸಿಕೊಂಡ ನಾದಿನಿಯನ್ನು ತಾನೇ ಮಾತಾಡಿಸಲೋ ಬೇಡವೋ... ಯಾವ ಸಾಲು ಬಂದರೂ ಅವರು ಅದರಲ್ಲಿ ಎಡವನ್ನೋ ಬಲವನ್ನೋ ಕಂಡುಕೊಳ್ಳುತ್ತಿದ್ದರು. ಕುರಿ ಬಂದರೂ ಸರಿ, ರಾಜ ಬಂದರೂ ಸರಿ. ನನಗೂ ಅದೊಂದು ಮೋಜು. ಎರಡೇ ನಿಮಿಷದ ಕೆಲಸ, ಹೆಸರುಗಳ ಕಾಟವಿಲ್ಲ. ಮಾಸ್ತರರು ಬಂದಾಗ ಈ ಸಂಗತಿಯನ್ನು ನಾವಿಬ್ಬರೂ ಹೇಳಲಿಲ್ಲ. ಬೈದಾರು ಎಂಬ ಗುಮಾನಿ ಇಬ್ಬರಿಗೂ ಇತ್ತು.

ನಾನು ನಗುತ್ತಿದ್ದೆನೆಂದೇನೋ ಹೇಳಿದೆ. ಆದರೆ ಒಂದು ಬೆಳಿಗ್ಗೆ ಅಮ್ಮ ಹೋದ ಮೇಲೆ ಅವರು ಮರೆತು ಬಿಟ್ಟ ಪುಸ್ತಕವನ್ನು ನಾನೇ ಕಣ್ಣು ಮುಚ್ಚಿ ತೆಗೆದೆ. ನನಗೆ ಕುಮಟೆಗೆ ವರ್ಗ ಆಗುತ್ತದೆಯೇ ಎಂದು ಕೇಳಿದೆ. ಸ್ವಂತ ನಾಡಿಗೆ ಮರಳುವ ಜನರ ಸಾಲು ಬಂತು. ಇಡೀ ದಿನ ಶಾಲೆಯಲ್ಲಿ ಹಾಡು ಗುನುಗುತ್ತಿದ್ದೆ.

ಅದಾದ ಎರಡೇ ದಿನಕ್ಕೆ ಯಜಮಾನರ ಕಾಲಿನ ಮಾತು ಬಂತು.

ಹೊಳೆಯಲ್ಲಿ ಬಳಚು ಎಂಬ ಚಿಪ್ಪುಮೀನು ಆರಿಸಲು ಇಳಿದಾಗ ಚಿಪ್ಪು ತಾಗಿ ಅವರ ಪಾದ ಕೊಯ್ದಿತ್ತು. ಮೀನುಗಾರರಿಗೆ ಅದು ಲೆಕ್ಕಕ್ಕೇ ಇಲ್ಲದ ಗಾಯ. ಅರಿಶಿನ ಮೆತ್ತಿ ಮರೆತಿದ್ದರು. ಆದರೆ ಅವರಿಗೆ ಸಕ್ಕರೆ ಕಾಯಿಲೆಯಿತ್ತು. ಗಾಯ ಒಣಗದೆ ಕಿರುಬೆರಳು ಕಪ್ಪಾಯಿತು. ಹೊನ್ನಾವರದ ಡಾಕ್ಟರು ನೋಡಿ, ಇದು ಇಲ್ಲಿ ಆಗುವ ಕೆಲಸವಲ್ಲ, ಎರಡು ದಿನದೊಳಗೆ ದೊಡ್ಡ ಆಸ್ಪತ್ರೆಗೆ ಹೋಗಿ, ಬೆರಳು ತೆಗೆಯಬೇಕಾದೀತು ಎಂದು ಬರೆದುಕೊಟ್ಟರು. ಯಜಮಾನರು ಚೀಟಿಯನ್ನು ಹೆಂಡತಿಯ ಕೈಗೆ ಕೊಟ್ಟು, ನೀನು ಹೇಳಿದ ಹಾಗೆ ಎಂದರು. ಸಮುದ್ರಕ್ಕೆ ಹೆದರದ ಆ ಮನುಷ್ಯ ಕತ್ತರಿಗೆ ಹೆದರಿದ್ದರು. ಕೇರಿಯ ಹಿರಿಯರೊಬ್ಬರು ತಾವಾಗಿ ಬಂದು, ದೇವರಲ್ಲಿ ಒಂದು ಪ್ರಸಾದ ಕೇಳಿಸಿಬಿಡೋಣ ಎಂದರು. ಅಮ್ಮ ಕೈ ಮುಗಿದು ಬೇಡವೆಂದರು. ಕೇಳಲು ಈಗ ಅವರಿಗೆ ಬೇರೆ ಜಾಗವಿತ್ತು.

ಮರುದಿನ ಬೆಳಿಗ್ಗೆ ಬಂದರು. ನಾನು ಸೀರೆಯ ನೆರಿಗೆ ಸರಿಮಾಡುತ್ತಿದ್ದೆ, ಮೇಜಿನ ಮೇಲೆ ಐದನೆಯ ತರಗತಿಯ ವಿಜ್ಞಾನ ಪುಸ್ತಕ. ಅಮ್ಮ ಎಂದಿಗಿಂತ ಹೆಚ್ಚು ಹೊತ್ತು ಕಣ್ಣು ಮುಚ್ಚಿ ಕೂತಿದ್ದರು. ಕೊಯ್ಯಿಸದೆಯೇ ಕಾಲು ವಾಸಿಯಾದೀತೇ ಎಂದು ಬಾಯಿಬಿಟ್ಟು ಕೇಳಿ ಪುಟ ತೆಗೆದರು. ಬೆರಳು ಬಿದ್ದದ್ದು ನಡೆಯಲಾಗದ ಒಬ್ಬ ಮನುಷ್ಯನ ಕತೆಯ ಮೇಲೆ. ಎದ್ದೇಳು, ಹಾಸಿಗೆ ಎತ್ತಿಕೊಂಡು ಮನೆಗೆ ಹೋಗು ಎಂದು ಯೇಸು ಅವನಿಗೆ ಹೇಳುವ ಸಾಲು. ನಾನು ಓದಿದೆ. ಅಮ್ಮ ಕಣ್ಣು ತೆರೆದರು. ನೀರು ತುಂಬಿತ್ತು.

“ಬಲಕ್ಕೇ ಆತು ಅಕ್ಕೋರೆ,” ಎಂದರು. “ಕೊಯ್ಸುದು ಬ್ಯಾಡ. ಎದ್ದು ನಡೀತ್ರು ಅವ್ರು.”

ಆದರೂ ಒಮ್ಮೆ ತೋರಿಸಿಕೊಂಡು ಬನ್ನಿ ಅಮ್ಮ ಎಂದೆ. ಎಷ್ಟು ಮೆಲ್ಲಗೆಂದರೆ ನನಗೇ ಸರಿಯಾಗಿ ಕೇಳಲಿಲ್ಲ. “ಆದ್ಮೇಲೆ ಮತ್ತೆ ಕೇಳುಕಾಗ, ನಿಮ್ಗೆ ಗುತ್ತಿಲ್ಲಾ?” ಎಂದು ಅವರು ಟವೆಲು ಸುತ್ತತೊಡಗಿದರು. ಆಗ ನಾನು ಹೇಳಬೇಕಿತ್ತು. ಅಮ್ಮ, ಇದು ಪ್ರಸಾದವಲ್ಲ, ನಾನು ಬೇಸರಕ್ಕೆ ಆಡಿದ ತಮಾಷೆ, ಗಾಯ ಕಪ್ಪಾದರೆ ವಿಷ ಮೇಲೇರುತ್ತದೆ, ಈಗಲೇ ದೋಣಿ ಕರೆಯಿರಿ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಶಾಲೆಗೆ ಹೊತ್ತಾಗಿತ್ತು. ಅವರ ದೇವರು, ಅವರ ಗಂಡ, ನಡುವೆ ನಾನ್ಯಾರು ಎಂದುಕೊಂಡೆ. ಇನ್ನೊಂದು ಕಾರಣವೂ ಇತ್ತು, ಬರೆಯಲು ನಾಚಿಕೆಯಾಗುತ್ತದೆ. ಅವರ ಸಾಲು ಸುಳ್ಳಾದರೆ ಮೂರು ದಿನದ ಹಿಂದೆ ನನಗೆ ಬಂದ ಕುಮಟೆಯ ಸಾಲೂ ಸುಳ್ಳಾಗುತ್ತಿತ್ತು.

ಹನ್ನೊಂದು ದಿನ. ಮೊದಲ ಕೆಲವು ದಿನ ಯಜಮಾನರು ಜಗುಲಿಯಲ್ಲಿ ಕೂತು ಬಲೆಯ ಹರುಕು ಕಟ್ಟುತ್ತಿದ್ದರು. ಆಮೇಲೆ ಒಳಗೆ ಮಲಗಿದರು. ಅಮ್ಮ ಪೇಟೆಗೆ ಹೋಗುವುದನ್ನು ಬಿಟ್ಟರು. ಜ್ವರದ ಹಣೆಗೆ ಒದ್ದೆ ಬಟ್ಟೆ ಇಡುತ್ತ ಪ್ರಾರ್ಥಿಸುವ ದನಿ ಗೋಡೆಯಾಚೆಯಿಂದ ನನಗೆ ಕೇಳುತ್ತಿತ್ತು. ನಾನು ಆ ಹನ್ನೊಂದು ದಿನದಲ್ಲಿ ಅವರ ಮನೆಯೊಳಗೆ ಕಾಲಿಟ್ಟದ್ದು ಎರಡೇ ಸಲ. ಎರಡನೆಯ ಸಲ ಹೋದಾಗ ಕೋಣೆಯ ವಾಸನೆ ತಡೆಯಲಾಗದೆ ಗಂಜಿಯ ಪಾತ್ರೆ ಇಟ್ಟು ಹೊರಗೆ ಬಂದೆ...

ತಿಂಗಳ ಭೇಟಿಗೆ ಬಂದ ಮಾಸ್ತರರು ಹೊಸ್ತಿಲಲ್ಲೇ ನಿಂತುಬಿಟ್ಟರು. ಒಳಗೆ ಹೋಗಿ ಕಾಲಿನ ಬಟ್ಟೆ ಸರಿಸಿ ನೋಡಿದರು. ಅಷ್ಟು ಮೆತ್ತಗಿನ ಮನುಷ್ಯ ಅಂಗಳಕ್ಕೆ ಬಂದು ಕೂಗಿದ್ದು ಇಡೀ ಕೇರಿಗೆ ಕೇಳಿತು. ಆಸ್ಪತ್ರೆಗೆ ಹೋಗಬೇಡಿ ಎಂದು ಯಾರು ಹೇಳಿದ್ದು, ನಾನು ಹೇಳಿದೆನಾ, ದೇವರು ಹೇಳಿದನಾ? ಅಮ್ಮ ತಲೆ ತಗ್ಗಿಸಿ ಅಂಗಳದ ಮೂಲೆಗೆ ಸರಿದರು. ನನ್ನ ಕಡೆಗೆ ನೋಡಲೂ ಇಲ್ಲ. ನಾನು ನನ್ನ ಜಗುಲಿಯ ಕಂಬ ಹಿಡಿದು ನಿಂತಿದ್ದೆ. ಆ ಕೂಗು ಕೇಳಿ ಕೇರಿಯ ಮೂವರು ಗಂಡಸರು ಬಂದರು. ಒಂದೂವರೆ ವರ್ಷದಿಂದ ಆ ಮನೆಯ ನೀರು ಮುಟ್ಟದವರು. ಏನೂ ಕೇಳದೆ ಇಬ್ಬರು ಹಾಸಿಗೆಯ ಎರಡು ಮೂಲೆ ಹಿಡಿದರು, ಇನ್ನೊಬ್ಬ ಮೂರನೆಯದು, ಮಾಸ್ತರರು ನಾಲ್ಕನೆಯದು. ಹಾಗೇ ಎತ್ತಿಕೊಂಡು ದೋಣಿಗೆ ಇಳಿಸಿದರು.

ಜೀವ ಉಳಿಯಿತು. ಕಾಲು ಮೊಣಕಾಲಿನ ಮೇಲಿನವರೆಗೆ ಹೋಯಿತು. ಆ ಹೊತ್ತಿಗೇ ಬಂದಿದ್ದರೆ ಒಂದು ಬೆರಳಿನಲ್ಲಿ ಮುಗಿಯುತ್ತಿತ್ತು ಎಂದು ದೊಡ್ಡ ಆಸ್ಪತ್ರೆಯಲ್ಲಿ ಹೇಳಿದರಂತೆ. ಮೀನುಗಾರನಿಗೆ ಒಂದು ಕಾಲು ಹೋದರೆ ಸಮುದ್ರವೂ ಹೋದ ಹಾಗೆ. ವಾಪಸ್ಸು ಬಂದ ಯಜಮಾನರು ಜಗುಲಿಯಲ್ಲಿ ಅಳಿವೆಗೆ ಬೆನ್ನು ಹಾಕಿ ಕೂರುತ್ತಿದ್ದರು. ಹೆಂಡತಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅಮ್ಮನಿಗೆ ಹಗುರವಾಗುತ್ತಿತ್ತೋ ಏನೋ. ಕೇರಿಯವರು ಅನ್ನುವುದನ್ನು ಅಂದರು. ಪುಸ್ತಕ ಕಾಲು ತಿಂದಿತು ಎಂದರು. ನನ್ನ ಹೆಸರು ಎಲ್ಲಿಯೂ ಬರಲಿಲ್ಲ. ಅಮ್ಮ ಯಾರಿಗೂ ಹೇಳಿರಲಿಲ್ಲ.

ಒಂದು ತಿಂಗಳು ನನ್ನ ಹಿತ್ತಲ ಬಾಗಿಲು ಯಾರೂ ತಟ್ಟಲಿಲ್ಲ. ಪುಸ್ತಕವನ್ನು ಹೊಳೆಗೆ ಎಸೆದಿರುತ್ತಾರೆ ಎಂದುಕೊಂಡೆ. ಹಾಗಾಗಿದ್ದರೆ ನನಗೆ ಸಮಾಧಾನವೇ ಆಗುತ್ತಿತ್ತು. ಆದರೆ ಬಂದರು. ಅದೇ ಟವೆಲು, ಅದೇ ನುಸಿಗುಳಿಗೆ.

“ಆ ಜಾಗ ತೋರ್ಸಿ ಅಕ್ಕೋರೆ,” ಎಂದರು. “ನೀವು ಓದುದು ಬ್ಯಾಡ. ಅಕ್ಷರ ಹೇಳ್ಕೊಡಿ. ನಾನೇ ಓದ್ತೆ.”

ಮಾಸ್ತರರಿಗೆ ಅವರು ಎಲ್ಲ ಹೇಳಿದ್ದರು, ಪ್ರಸಾದದ ಆಲೋಚನೆ ಯಾರದೆಂಬುದೊಂದನ್ನು ಬಿಟ್ಟು. ಮಾಸ್ತರರು ತಲೆಯ ಮೇಲೆ ಕೈ ಹೊತ್ತು ಕೂತರಂತೆ. ತಪ್ಪು ನನ್ನದು, ಪುಸ್ತಕ ಕೊಟ್ಟೆ, ಓದುವುದು ಹೇಗೆಂದು ಹೇಳಲಿಲ್ಲ ಎಂದರಂತೆ. ಆಮೇಲೆ ಹೇಳಿಕೊಟ್ಟರು. ಮೊದಲ ಪುಟದಿಂದ ಬೇಡ, ಯೇಸುವಿನ ಬಾಳಿನ ಕತೆ ಹೇಳುವ ಸಣ್ಣ ಭಾಗ ಒಂದಿದೆ, ಅಲ್ಲಿಂದ ಶುರು ಮಾಡಿ. ಒಂದು ಕತೆ ಹಿಡಿದರೆ ಅದರ ತಲೆಯಿಂದ ಬಾಲದವರೆಗೆ ಓದಿ. ಮಾತಾಡಿದವರು ಯಾರು, ಯಾರಿಗೆ, ಅದಕ್ಕೆ ಮೊದಲು ಏನಾಗಿತ್ತು ಎಂದು ಕೇಳಿಕೊಳ್ಳಿ. ನಿಮಗೆಂದು ಏನಾದರೂ ಇದ್ದರೆ ಅದು ಆಮೇಲೆ ತಿಳಿಯುತ್ತದೆ. ಇಷ್ಟನ್ನು ಅಮ್ಮ ನನಗೆ ಒಪ್ಪಿಸಿದ್ದು, ಮಕ್ಕಳು ಮಗ್ಗಿ ಒಪ್ಪಿಸುವ ಹಾಗೆ, ಬೆರಳು ಮಡಚಿ.

ಐವತ್ತು ದಾಟಿದ ನಾಲಿಗೆಗೆ ಅಕ್ಷರ ಹತ್ತಿಸುವುದು ಸುಲಭವಲ್ಲ. ಮೀನು ಕೊಯ್ದು ಕೊಯ್ದು ಗೆರೆಬಿದ್ದ ಬೆರಳುಗಳು ಪಾಟಿಯ ಕಡ್ಡಿ ಹಿಡಿದರೆ ಕಡ್ಡಿಯೇ ಮುರಿಯುತ್ತಿತ್ತು. ಒತ್ತಕ್ಷರ ಬಂದಾಗ ಅಮ್ಮ ನಿಟ್ಟುಸಿರು ಬಿಡುತ್ತಿದ್ದರು. ಮೊದಲಿನ ನಗೆಯಾಟ ಇರಲಿಲ್ಲ. ಆದರೆ ಒಂದು ದಿನವೂ ತಪ್ಪಿಸಲಿಲ್ಲ. ಬೇರೆ ದೋಣಿಯವರ ಮೀನು ಕೊಂಡು ಪೇಟೆಯಲ್ಲಿ ಮಾರಿ ಬಂದು, ಯಜಮಾನರಿಗೆ ಉಣ್ಣಿಸಿ, ಅರ್ಧ ಗಂಟೆ ನನ್ನೆದುರು ಕೂತು ಕ, ಕಾ, ಕಿ. ನಾನು ಕಲಿಸಿದ ಎಷ್ಟೋ ಮಕ್ಕಳಲ್ಲಿ ಅಂಥ ಹಟ ಇನ್ನೊಬ್ಬರಲ್ಲಿ ಕಾಣಲಿಲ್ಲ. ಏಳೆಂಟು ತಿಂಗಳಾದ ಮೇಲೆ, ಆ ಕತೆಯನ್ನು ತಾವೇ ಓದುವ ದಿನ ಬಂತು.

ಸಂಜೆ ನಾಲ್ಕರ ಬಿಸಿಲು. ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದೆವು. ಕತೆಯ ತಲೆಯಿಂದ ಹಿಡಿದರು. ಒಂದೊಂದು ಪದಕ್ಕೂ ನಿಂತು, ಹಿಂದೆ ಹೋಗಿ, ಮತ್ತೆ ಕೂಡಿಸಿ. ಮನೆಯೊಳಗೆ ಜನ ಕಿಕ್ಕಿರಿದಿದ್ದಾರೆ. ನಡೆಯಲಾಗದವನನ್ನು ನಾಲ್ಕು ಜನ ಹೊತ್ತು ತರುತ್ತಾರೆ. ಬಾಗಿಲಲ್ಲಿ ದಾರಿಯಿಲ್ಲ. ಮಾಡಿನ ಮೇಲೆ ಹತ್ತಿ, ಚಾವಣಿಯ ಹೊದಿಕೆ ಕಿತ್ತು, ಹಾಸಿಗೆ ಸಮೇತ ಅವನನ್ನು ಯೇಸುವಿನ ಎದುರಿಗೆ ಇಳಿಸುತ್ತಾರೆ. ಅದೆಲ್ಲ ಆದ ಮೇಲೆಯೇ ಆ ಸಾಲು, ಎದ್ದೇಳು ಎಂಬುದು. ಅಲ್ಲಿಗೆ ಬಂದಾಗ ಅಮ್ಮ ಮುಂದೆ ಓದಲಿಲ್ಲ. ಬೆರಳನ್ನು ಮೆಲ್ಲಗೆ ಮೇಲಕ್ಕೆ ಸರಿಸಿದರು.

“ಹೊತ್ಕ ಬಂದಿದ್ರು,” ಎಂದರು. “ನಾಲ್ಕು ಜನ. ಸುಮ್ನೆ ಮನೇಲಿ ಮಲ್ಕಂಡವಂಗೆ ಹೇಳಿದ್ದಲ್ಲ ಇದು.”

ಬೆರಳನ್ನು ಆ ಸಾಲಿನ ಮೇಲೆ ಮತ್ತೊಮ್ಮೆ ಎಳೆದರು. “ನಮ್ಮನೇಲೂ ನಾಲ್ಕೇ ಜನ ಹೊತ್ರು. ಹನ್ನೊಂದು ದಿನ ತಡ ಆತು.”

ಅಮ್ಮ ಪುಟದ ಮೇಲಿನ ಬೆರಳು ತೆಗೆಯದೆ ನನ್ನ ಮುಖ ನೋಡಿದರು. ಸಿಟ್ಟಿನಿಂದಲ್ಲ. ನಿಜಕ್ಕೂ ತಿಳಿಯಬೇಕೆಂದು.

“ಇದೇ ಪುಟದಲ್ಲೇ ಉಂಟಲ್ಲ ಅಕ್ಕೋರೆ. ಅವತ್ತು ಮೇಲಿನ ಸಾಲು ನಿಮ್ಗೆ ಕಂಡಿತ್ತಾ?”

“ಇಲ್ಲಮ್ಮ,” ಎಂದೆ. “ನೀವು ಬೆರಳಿಟ್ಟ ಸಾಲು ಮಾತ್ರ ನೋಡಿದ್ದೆ.”

“ಆತು,” ಎಂದರು. ಪುಸ್ತಕ ಮುಚ್ಚಿ, ಟವೆಲು ಸುತ್ತಿ, ನಾಳೆಗೆ ನೊಗಲಿ ಮೀನು ತರಲೋ ಬಂಗಡೆಯೋ ಎಂದು ಕೇಳಿ ಹೊರಟರು.

ಮರುವರ್ಷ ನನಗೆ ಕುಮಟೆಗೆ ವರ್ಗವಾಯಿತು. ದಂಡೆಯವರೆಗೆ ಬಂದು ಕಳಿಸಿಕೊಟ್ಟರು. ಒಣಸಿಗಡಿಯ ಒಂದು ಪೊಟ್ಟಣ ಕೈಗಿತ್ತರು. ನಾನು ಮೊದಮೊದಲು ಆರು ತಿಂಗಳಿಗೊಮ್ಮೆ ಹೋಗುತ್ತಿದ್ದೆ, ಆಮೇಲೆ ವರ್ಷಕ್ಕೊಮ್ಮೆ, ಆಮೇಲೆ... ಮದುವೆ, ಮಕ್ಕಳು, ಮನೆ ಎಂದು ನೆಪಗಳಿಗೇನು ಬರ. ನಾಲ್ಕು ವರ್ಷದ ನಂತರ ಯಜಮಾನರು ಹೋದ ಸುದ್ದಿ ಬಂದಾಗ ಹೋಗಿ ಬಂದೆ. ಅಮ್ಮ ಹಣ್ಣಾಗಿದ್ದರು, ಆದರೆ ಬುಟ್ಟಿ ಬಿಟ್ಟಿರಲಿಲ್ಲ. ಹೋದಾಗಲೆಲ್ಲ ಹೇಳಿಬಿಡಬೇಕೆಂದು ಬಸ್ಸಿನಲ್ಲಿ ಮಾತು ಜೋಡಿಸುತ್ತಿದ್ದೆ. ಅವರು ಎದುರಿಗೆ ಬಂದು ಊಟವಾಯಿತಾ ಎಂದು ಕೇಳಿದ ಕೂಡಲೇ ಅದೆಲ್ಲ ಬಿಟ್ಟು ಮಕ್ಕಳ ಮಾತು, ಮೀನಿನ ಮಾತು ಆಡಿ ಬರುತ್ತಿದ್ದೆ.

ಟ್ರಂಕ್ ತೆಗೆದ ಆ ದಿನ ಬಟ್ಟೆ ಅರ್ಧಕ್ಕೆ ಬಿಟ್ಟವಳು, ಮರುದಿನವೇ ಹೊನ್ನಾವರದ ಬಸ್ಸು ಹತ್ತಿದೆ. ಈ ಸಲ ಹೇಳಿಯೇ ಬರುತ್ತೇನೆ ಎಂದು. ಅಮ್ಮನ ಮನೆಯ ಬಾಗಿಲು ತೆಗೆದವರು ನಡುಹರೆಯದ ಒಬ್ಬ ಹೆಂಗಸು. ಇದೇ ಕೇರಿಯವರು, ಹೊಸದಾಗಿ ಪ್ರಾರ್ಥನೆಗೆ ಕೂರುವವರು. ಅಮ್ಮ ತೀರಿಕೊಂಡು ನಾಲ್ಕು ತಿಂಗಳಾಯಿತು ಎಂದರು. ನಿಮ್ಮ ಫೋನ್ ನಂಬರು ಯಾರಲ್ಲಿಯೂ ಇರಲಿಲ್ಲ ಅಕ್ಕೋರೆ ಎಂದರು. ಬದಲಾದ ನಂಬರನ್ನು ಕೊಟ್ಟಿರದವಳು ನಾನೇ. ಜಗುಲಿಯ ಮೇಲೆ ಕೂತೆ. ಅವರು ಒಳಗಿನಿಂದ ನೀರು ಬೆಲ್ಲ ತಂದಿಟ್ಟರು.

ಕೊನೆಯ ವರ್ಷಗಳಲ್ಲಿ ಅಮ್ಮ ಮೂರು ಹೆಂಗಸರಿಗೆ ಓದು ಹೇಳಿಕೊಟ್ಟರಂತೆ. ಅವರಲ್ಲಿ ಈಕೆಯೂ ಒಬ್ಬರು. ಬೆರಳನ್ನು ಒಂದೇ ಕಡೆ ಇಟ್ಟರೆ ಕೈಗೆ ಹೊಡೆಯುತ್ತಿದ್ದರಂತೆ. ಮೇಲಿನಿಂದ ಬಾ, ಹೊತ್ತು ತಂದವರು ಯಾರೆಂದು ಮೊದಲು ನೋಡು ಎನ್ನುತ್ತಿದ್ದರಂತೆ. ಅದನ್ನು ಹೇಳುತ್ತ ಆಕೆ ನಕ್ಕರು. ಆಮೇಲೆ ನನ್ನನ್ನು ಸಮಾಧಾನ ಮಾಡುವವರಂತೆ ಹೇಳಿದರು.

“ನಿಮ್ಮ ಸುದ್ದಿ ಯಾವಾಗ್ಲೂ ಹೇಳ್ತಿದ್ರು. ಓದು ಬಲ್ಲ ಅಕ್ಕೋರಿಗೂ ಅವತ್ತು ಮೇಲಿನ ಸಾಲು ಕಾಣ್ಲಿಲ್ಲ, ಪಾಪ, ಅವ್ರದ್ದೆಂತ ತಪ್ಪು, ನಾವು ಅದ್ಕೇ ಹುಷಾರಾಗಿ ಓದ್ಬೇಕು ಅಂತ.”

ನಾನು ಲೋಟ ಕೆಳಗಿಟ್ಟೆ. ನನ್ನ ಸುಳ್ಳನ್ನು ಅಮ್ಮ ನಂಬಿದರು, ನಂಬಿ ನನ್ನನ್ನು ಕಾಪಾಡಿದರು, ಅದನ್ನೇ ಪಾಠ ಮಾಡಿ ಮೂವರಿಗೆ ಕೊಟ್ಟು ಹೋದರು. ಅಥವಾ ನಂಬಿರಲಿಲ್ಲವೋ... ಅದನ್ನೂ ಇನ್ನು ಯಾರಲ್ಲಿಯೂ ಕೇಳುವಂತಿಲ್ಲ. ಬರುತ್ತೇನೆ ಎಂದು ಎದ್ದೆ. ವಾಪಸ್ಸು ಬರುವಾಗ ಹೊಳೆಯ ಭಯವೂ ಆಗಲಿಲ್ಲ.

ಓದು ಬಲ್ಲವರ ಕಣ್ಣು ಒಂದು ಸಾಲಿನಲ್ಲಿ ನಿಲ್ಲುವುದಿಲ್ಲ. ಪುಟ ತೆರೆದ ಕೂಡಲೇ ಮೇಲೆ ಕೆಳಗೆ ಓಡಿಬರುತ್ತದೆ. ಆ ಬೆಳಿಗ್ಗೆ, ನಿಮ್ಮ ಬೆರಳಿಗಿಂತ ನಾಲ್ಕು ಸಾಲು ಮೇಲೆ, ಹೊತ್ತು ತಂದವರು ನನಗೆ ಕಂಡಿದ್ದರು, ಅಮ್ಮ.